ಬೂಸ್ಟ್ ಏರಿಸುವ ನಾಲ್ಕು ದಾರಿಗಳು: ನಿಮ್ಮ ಟರ್ಬೊ ಪೆಟ್ರೋಲ್ ಕಾರಿಗೆ ಯಾವುದು ಸರಿ?

ಏರ್ ಫಿಲ್ಟರ್ ಬದಲಿಸಿ, ಸೈಲೆನ್ಸರ್ ಪೈಪನ್ನು ತುಸು ಅಗಲ ಮಾಡಿಸಿ, ಒಳ್ಳೆಯ ಟೈರು ಹಾಕಿಸಿಕೊಂಡ ಮೇಲೆ ಟರ್ಬೊ ಪೆಟ್ರೋಲ್ ಕಾರಿನ ಮಾಲೀಕರಲ್ಲಿ ಬಹುತೇಕರು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಇನ್ನು ಬೂಸ್ಟ್ ಏರಿಸುವುದಾದರೆ ಯಾವ ದಾರಿ ಹಿಡಿಯಬೇಕು? ಸ್ಕೋಡಾ ಲೌರಾ, ಆಕ್ಟೇವಿಯಾ, ಫಿಯೆಟ್ ಲಿನಿಯಾ ಟಿ-ಜೆಟ್, ಅಬಾರ್ತ್ ಪುಂಟೊ, ಈಚಿನ ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾ ಓಡಿಸುವವರು ಇದನ್ನು ಪದೇ ಪದೇ ಕೇಳುತ್ತಾರೆ. ಅವರ ಮುಂದಿರುವ ಆಯ್ಕೆಗಳು ಸ್ಥೂಲವಾಗಿ ನಾಲ್ಕು. ಕೈಯಿಂದ ತಿರುಗಿಸುವ ಮೆಕ್ಯಾನಿಕಲ್ ಬೂಸ್ಟ್ ಕಂಟ್ರೋಲರ್, ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್, ಸೆನ್ಸರ್ ತಂತಿಗಳ ನಡುವೆ ಸೇರಿಸುವ ಟ್ಯೂನಿಂಗ್ ಬಾಕ್ಸ್, ಮತ್ತು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಒಳಗಿನ ತಂತ್ರಾಂಶವನ್ನೇ ಬದಲಿಸುವ ರೀಮ್ಯಾಪ್. ಇವುಗಳನ್ನು ಬೆಲೆಯಿಂದ ಮಾತ್ರ ಅಳೆದರೆ ದಾರಿ ತಪ್ಪುವುದು ಖಚಿತವಾದ್ದರಿಂದ, ಮೊದಲು ಅಳತೆಗೋಲುಗಳನ್ನು ನಿಗದಿ ಮಾಡಿಕೊಳ್ಳೋಣ.

ಮೊದಲನೆಯದು ಪೆಟ್ರೋಲ್. ಹೊರಗಿನ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚಿನ ಒತ್ತಡದಲ್ಲಿ ಟರ್ಬೊ ಎಂಜಿನ್ನಿಗೆ ಗಾಳಿ ತುಂಬುತ್ತದೆಯೋ ಅದೇ ಬೂಸ್ಟ್. ಒತ್ತಡ ಏರಿದಂತೆಲ್ಲ, ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಅಂಚಿನಲ್ಲಿರುವ ಮಿಶ್ರಣ ತಾನಾಗಿ ಸಿಡಿಯುವ ಸಂಭವವೂ ಏರುತ್ತದೆ. ನಾವು ನಾಕಿಂಗ್ ಎನ್ನುವುದು ಇದನ್ನೇ, ಮತ್ತು ಪೆಟ್ರೋಲ್ ಇದನ್ನು ಎಷ್ಟರಮಟ್ಟಿಗೆ ತಡೆದುಕೊಳ್ಳಬಲ್ಲದು ಎಂಬುದನ್ನು ಆಕ್ಟೇನ್ ಸಂಖ್ಯೆ ಹೇಳುತ್ತದೆ. ಬಿಎಸ್6 ನಿಯಮದಲ್ಲಿ ಸಾದಾ ಪೆಟ್ರೋಲಿಗೆ ಕನಿಷ್ಠ 91 ಎಂದಿತ್ತು. ಶೇಕಡ 20ರಷ್ಟು ಎಥೆನಾಲ್ ಬೆರೆತ ಮೇಲೆ ಅದು 95ಕ್ಕೆ ಏರಿದೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಇದಲ್ಲದೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಭಾರತ್ ಪೆಟ್ರೋಲಿಯಂನ ಸ್ಪೀಡ್ 97, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್ 99, 2020ರ ಡಿಸೆಂಬರ್‌ನಲ್ಲಿ ಬಂದ ಎಕ್ಸ್‌ಪಿ100 ಇವೆ. ಆದರೆ 99 ಮತ್ತು 100 ದೊಡ್ಡ ನಗರಗಳ ಆಯ್ದ ಬಂಕುಗಳಲ್ಲಿ ಮಾತ್ರ ಸಿಗುತ್ತವೆ. ಬೆಂಗಳೂರಿನಲ್ಲಿ ಟ್ಯಾಂಕ್ ತುಂಬಿಸಿ ಧರ್ಮಸ್ಥಳಕ್ಕೋ ಕುಮಟಾಕ್ಕೋ ಹೋದವರು ಹಿಂದಿರುಗುವಾಗ ಸಿಕ್ಕ ಬಂಕಿನಲ್ಲಿ ಸಿಕ್ಕ ಪೆಟ್ರೋಲನ್ನೇ ಹಾಕಿಸಬೇಕಾಗುತ್ತದೆ. ಆದ್ದರಿಂದ ವರ್ಷದಲ್ಲಿ ನಿಮ್ಮ ಕಾರು ಕುಡಿಯುವ ಅತಿ ಕಳಪೆ ಪೆಟ್ರೋಲ್ ಯಾವುದೋ ಅದಕ್ಕೆ ತಕ್ಕಷ್ಟೇ ಬೂಸ್ಟ್ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಥೆನಾಲ್‌ಗೆ ಇನ್ನೊಂದು ಮುಖವೂ ಇದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕಾದರೆ, ಶೇಕಡ 20ರ ಮಿಶ್ರಣಕ್ಕೆ ಸುಮಾರು 13.5 ಪಟ್ಟು ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಮತ್ತು ಪಂಪ್ ಹೆಚ್ಚು ಇಂಧನ ಒದಗಿಸಬೇಕು. ಹತ್ತು ವರ್ಷದ ಹಿಂದೆ ಇಂಜೆಕ್ಟರಿನ ಮಿತಿಗೆ ಅಂಟಿಕೊಂಡಂತೆ ಟ್ಯೂನ್ ಮಾಡಿಸಿದ ಕಾರು ಇವತ್ತಿನ ಪೆಟ್ರೋಲಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಂಧನ ಸಾಲದೆ ಮಿಶ್ರಣ ತೆಳುವಾಗುವ ಸಾಧ್ಯತೆ ಇರುವುದರಿಂದ, ಹಳೆಯ ಟ್ಯೂನ್ ಇರುವ ಕಾರು ಕೊಂಡವರು ಅದನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲೇಬೇಕು.

ಎರಡನೆಯ ಅಳತೆಗೋಲು ಬಿಸಿ ಮತ್ತು ಎತ್ತರ. 30 ಡಿಗ್ರಿಯ ಗಾಳಿಯನ್ನು ಶೇಕಡ 70ರ ದಕ್ಷತೆಯ ಕಂಪ್ರೆಸರ್ 1.8 ಪಟ್ಟು ಒತ್ತಿದರೆ ಹೊರಬರುವ ಗಾಳಿ ಸುಮಾರು 110 ಡಿಗ್ರಿಗೆ ಕಾದಿರುತ್ತದೆ; 2.2 ಪಟ್ಟು ಒತ್ತಿದರೆ ಸುಮಾರು 140 ಡಿಗ್ರಿ. ಈ ಬಿಸಿಯನ್ನು ಇಂಟರ್‌ಕೂಲರ್ ಇಳಿಸಬೇಕು, ಮತ್ತು ಸಿಲ್ಕ್ ಬೋರ್ಡಿನಲ್ಲಿ ಅರ್ಧ ಗಂಟೆ ನಿಂತ ಕಾರಿನ ಇಂಟರ್‌ಕೂಲರಿಗೆ ಇಳಿಸುವ ಶಕ್ತಿ ಉಳಿದಿರುವುದಿಲ್ಲ. ಎತ್ತರದ ವಿಷಯವನ್ನು ನಮ್ಮವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್, ಮಂಗಳೂರಿನಲ್ಲಿ ಹತ್ತಿರ ಹತ್ತಿರ 1.01 ಬಾರ್. ಎಂಜಿನ್ನಿಗೆ ಒಟ್ಟು 2.2 ಬಾರ್ ಒದಗಿಸಬೇಕಾದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.2 ಪಟ್ಟಿಗಿಂತ ತುಸು ಕಡಿಮೆ ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.4 ಪಟ್ಟು ಒತ್ತಬೇಕು. ಕರಾವಳಿಯಲ್ಲಿ ಆರಾಮವಾಗಿ ತಿರುಗುವ ಚಿಕ್ಕ ಟರ್ಬೊ ಬೆಂಗಳೂರಿನಲ್ಲಿ ತನ್ನ ವೇಗದ ಮಿತಿಯ ಬಳಿಗೆ ಹೋಗುವುದು ಹೀಗೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ: ಬೂಸ್ಟ್ ಏರಿದ್ದು ಇಸಿಯುಗೆ ಗೊತ್ತಿದೆಯೇ? ಎಷ್ಟು ಗಾಳಿ ಬಂತು ಎಂಬುದನ್ನು ತಿಳಿದೇ ಅದು ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಸ್ಪಾರ್ಕನ್ನು ಯಾವ ಕ್ಷಣಕ್ಕೆ ಕೊಡಬೇಕು ಎಂದು ತೀರ್ಮಾನಿಸುತ್ತದೆ. ನಾಲ್ಕನೆಯದು ಕ್ಲಚ್ ಮತ್ತು ಗೇರ್‌ಬಾಕ್ಸಿನ ಟಾರ್ಕ್ ಮಿತಿ. ಐದನೆಯದು ವಾರಂಟಿ, ವಿಮೆ, ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ, ಮತ್ತು 2019ರ ತಿದ್ದುಪಡಿ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ನಂತರ ಪರಿಹಾರಕ್ಕೆ ಅಡ್ಡ ಬರಬಹುದು. ಹಣ ಖರ್ಚು ಮಾಡುವ ಮೊದಲೇ ಇವನ್ನು ಯೋಚಿಸಿಬಿಡಬೇಕು.

ಈಗ ಆಯ್ಕೆಗಳಿಗೆ ಬರೋಣ. ಮೆಕ್ಯಾನಿಕಲ್ ಕಂಟ್ರೋಲರ್ ಎಲ್ಲಕ್ಕಿಂತ ಅಗ್ಗ, ಕೆಲವೇ ಸಾವಿರ ರೂಪಾಯಿ. ವೇಸ್ಟ್‌ಗೇಟ್ ಎಂದರೆ ಬೂಸ್ಟ್ ಮಿತಿ ಮೀರದಂತೆ ಎಂಜಿನ್ನಿನ ಹೊಗೆಯನ್ನು ಟರ್ಬೊದ ಪಕ್ಕದಿಂದ ಹೊರಬಿಡುವ ಬಾಗಿಲು; ಅದನ್ನು ತೆರೆಯುವ ಭಾಗ ಆಕ್ಚುಯೇಟರ್. ಟರ್ಬೊದಿಂದ ವೇಸ್ಟ್‌ಗೇಟ್ ಆಕ್ಚುಯೇಟರಿಗೆ ಹೋಗುವ ತೆಳು ಹೋಸಿನ ನಡುವೆ ಸ್ಪ್ರಿಂಗ್ ಮತ್ತು ಗುಂಡು ಇರುವ ಚಿಕ್ಕ ಹಿತ್ತಾಳೆ ವಾಲ್ವ್ ಕೂರಿಸಿದರೆ, ಗುಂಡು ಮೇಲೇಳುವವರೆಗೆ ವೇಸ್ಟ್‌ಗೇಟ್‌ಗೆ ಒತ್ತಡದ ಸುಳಿವೇ ಸಿಗದೆ ಬೂಸ್ಟ್ ಏರುತ್ತದೆ. ಲೌರಾ, ಲಿನಿಯಾ ಟಿ-ಜೆಟ್‌ನಂತಹ ಗಾಳಿಯೊತ್ತಡದ ಆಕ್ಚುಯೇಟರ್ ಇರುವ ಕಾರುಗಳಲ್ಲಿ ಇದು ಕೆಲಸ ಮಾಡುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಮೂರನೇ ತಲೆಮಾರಿನ ಇಎ888 ಎಂಜಿನ್ ಇರುವ ಆಕ್ಟೇವಿಯಾ 1.8 ಮತ್ತು ಅದರ ಹೆಚ್ಚು ಶಕ್ತಿಯ ಆವೃತ್ತಿ ವಿಆರ್‌ಎಸ್‌ನಲ್ಲಿ ವೇಸ್ಟ್‌ಗೇಟನ್ನು ವಿದ್ಯುತ್ ಮೋಟಾರೇ ನಡೆಸುವುದರಿಂದ ಇದನ್ನು ಜೋಡಿಸಲು ಹೋಸೇ ಇಲ್ಲ. ಕೆಲಸ ಮಾಡುವ ಕಾರಿನಲ್ಲೂ ನಾನಿದನ್ನು ಸಲಹೆ ಮಾಡುವುದಿಲ್ಲ. ಈ ವಾಲ್ವ್ ಹೊರಗಿನ ಗಾಳಿಗೆ ಹೋಲಿಸಿ ಬೂಸ್ಟ್ ನಿಲ್ಲಿಸುತ್ತದೆಯೇ ಹೊರತು ಒಟ್ಟು ಒತ್ತಡವನ್ನು ಅರಿಯದು. ಬೆಂಗಳೂರಿನಲ್ಲಿ 1 ಬಾರ್‌ಗೆ ತಿರುಗಿಸಿಟ್ಟಾಗ ಎಂಜಿನ್ನಿಗೆ ಸಿಗುವುದು ಒಟ್ಟು 1.91 ಬಾರ್; ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪಿದಾಗ ಯಾರೂ ಮುಟ್ಟದೆಯೇ 2.01 ಬಾರ್ ಆಗಿರುತ್ತದೆ, ಜೊತೆಗೆ ಕರಾವಳಿಯ ಬಿಸಿ ಸೇರಿರುತ್ತದೆ. ಬೆಂಗಳೂರಿನಲ್ಲಿ ಸುರಕ್ಷಿತವೆಂದು ಕಂಡ ಸೆಟ್ಟಿಂಗ್ ಅಲ್ಲಿ ನಾಕಿಂಗ್ ತರಬಹುದು.

ಎಲೆಕ್ಟ್ರಾನಿಕ್ ಕಂಟ್ರೋಲರ್ ಇದನ್ನೇ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಮತ್ತು ತನ್ನದೇ ಒತ್ತಡದ ಸೆನ್ಸರ್ ಮೂಲಕ ಇನ್ನಷ್ಟು ನಿಖರವಾಗಿ ಮಾಡುತ್ತದೆ, ಮಿತಿ ಮೀರಿದರೆ ತಾನೇ ಬೂಸ್ಟ್ ಇಳಿಸುತ್ತದೆ. ಆಫ್ಟರ್‌ಮಾರ್ಕೆಟ್ ಇಸಿಯು ಹಾಕಿ ಟ್ರ್ಯಾಕಿಗೆಂದೇ ಕಟ್ಟಿದ ಹಳೆಯ ಕಾರಿನಲ್ಲಿ ಇದಕ್ಕೆ ಅರ್ಥವಿದೆ. ಕಂಪನಿಯ ಇಸಿಯು ಹಾಗೇ ಇರುವ ಕಾರಿನಲ್ಲಿ ಎರಡು ಮಿದುಳುಗಳು ಒಂದೇ ವೇಸ್ಟ್‌ಗೇಟಿಗೆ ಜಗ್ಗಾಡುವಂತಾಗುತ್ತದೆ, ಆದ್ದರಿಂದ ಅಲ್ಲಿ ಬೇಡ.

ಟ್ಯೂನಿಂಗ್ ಬಾಕ್ಸ್ ಬಗ್ಗೆ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚು ಜನ ಮನಸೋಲುವುದು ಇದಕ್ಕೇ. ಸುಮಾರು 15,000ದಿಂದ 40,000 ರೂಪಾಯಿ. ಅರ್ಧ ಗಂಟೆಯಲ್ಲಿ ಜೋಡಣೆ. ಸರ್ವಿಸ್‌ಗೆ ಬಿಡುವ ಮುಂಚೆ ಕಳಚಿಡಬಹುದು ಎಂಬ ಧೈರ್ಯ. ಬಾಕ್ಸ್ ಮಾಡುವುದಿಷ್ಟೇ: ಒತ್ತಡದ ಸೆನ್ಸರಿನಿಂದ ಇಸಿಯುಗೆ ಹೋಗುವ ಸಂಕೇತವನ್ನು ನಡುವೆ ತಡೆದು, ನಿಜವಾಗಿ 1.1 ಬಾರ್ ಇರುವಾಗ 0.95 ಇದೆ ಎಂದು ಹೇಳುತ್ತದೆ. ಗುರಿ ತಲುಪಿಲ್ಲವೆಂದು ನಂಬಿದ ಇಸಿಯು ಬೂಸ್ಟನ್ನು ಇನ್ನಷ್ಟು ಏರಿಸುತ್ತದೆ. ಪೆಟ್ರೋಲಿನ ಕೊರತೆಯನ್ನು ಆಕ್ಸಿಜನ್ ಸೆನ್ಸರ್ ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ. ಆದರೆ ಸ್ಪಾರ್ಕಿನ ಕ್ಷಣವನ್ನು ಇಸಿಯು ಆ ಸುಳ್ಳು ಒತ್ತಡಕ್ಕೆ ತಕ್ಕಂತೆ ಆರಿಸುವುದರಿಂದ, ನಿಜವಾದ ಒತ್ತಡಕ್ಕೆ ಬೇಕಾದುದಕ್ಕಿಂತ ಬೇಗ ಕಿಡಿ ಬೀಳುತ್ತದೆ. ನಂತರ ಎಂಜಿನ್ನನ್ನು ಕಾಯುವ ಹೊಣೆಯೆಲ್ಲ ನಾಕ್ ಸೆನ್ಸರಿನದು, ಮತ್ತು ಅದು ಕೆಲಸ ಆರಂಭಿಸುವುದು ನಾಕಿಂಗ್ ಆದ ಮೇಲೆ.

ಕೆಲವು ವರ್ಷಗಳ ಹಿಂದೆ ನನ್ನ ಲೌರಾ 1.8 ಟಿಎಸ್‌ಐಗೆ ಇಂತಹ ಒಂದು ಬಾಕ್ಸ್ ಹಾಕಿಸಿದ್ದೆ. ಊರೊಳಗೆ ಪಿಕಪ್ ಹಿತವಾಗಿತ್ತು, ಆರು ತಿಂಗಳು ಯಾವ ತೊಂದರೆಯೂ ಕಾಣಲಿಲ್ಲ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾಲ್ವರು ಕುಳಿತು, ದಾರಿಯಲ್ಲಿ ಸಿಕ್ಕ ಸಾದಾ ಪೆಟ್ರೋಲ್ ಹಾಕಿಸಿ, ಗುಂಡ್ಯದಿಂದ ಸಕಲೇಶಪುರದ ಕಡೆಗೆ ಘಾಟಿ ಹತ್ತುವಾಗ ಕಾರು ಎಳೆಯುವುದು ಕಡಿಮೆಯಾಯಿತು. ಪಕ್ಕದಲ್ಲಿ ಕುಳಿತಿದ್ದ ನನ್ನ ತಮ್ಮ ಲ್ಯಾಪ್‌ಟಾಪ್ ಜೋಡಿಸಿ ನೋಡಿದಾಗ ಇನ್‌ಟೇಕ್ ಗಾಳಿ 60 ಡಿಗ್ರಿ ದಾಟಿತ್ತು, ಮೂರನೇ ಸಿಲಿಂಡರಿನಲ್ಲಿ ಇಸಿಯು ಸ್ಪಾರ್ಕನ್ನು ಕ್ರ್ಯಾಂಕ್‌ಶಾಫ್ಟಿನ ತಿರುವಿನ ಲೆಕ್ಕದಲ್ಲಿ 8 ಡಿಗ್ರಿಯಷ್ಟು ಹಿಂದಕ್ಕೆಳೆದಿತ್ತು, ಅಂದರೆ ತಡಮಾಡಿತ್ತು. ಅಲ್ಲಿಂದ ಮುಂದೆ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಮನೆ ತಲುಪಿದೆವು. ಮರುದಿನ ಪ್ಲಗ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳು, ಅವುಗಳ ನಡುವೆ ಬೆಳ್ಳಿಯಂತೆ ಮಿನುಗುವ ಎರಡು ಮೂರು ಕಣಗಳು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಬಾಕ್ಸನ್ನು ಅಂದೇ ತೆಗೆದುಹಾಕಿದೆ.

ಎಲ್ಲ ಬಾಕ್ಸುಗಳೂ ಹೀಗೆಂದು ನಾನು ಹೇಳಲಾರೆ. ಗಾಳಿಯ ಬಿಸಿ, ಎಂಜಿನ್ ವೇಗ, ಇಂಧನದ ಒತ್ತಡ ಮುಂತಾದ ಹಲವು ಸಂಕೇತಗಳನ್ನು ಓದಿ, ಬಿಸಿ ಹೆಚ್ಚಾದಾಗ ಬೂಸ್ಟ್ ತಾನೇ ತಗ್ಗಿಸುವ ಉತ್ತಮ ಬಾಕ್ಸುಗಳಿವೆ. ಅವುಗಳ ಕನಿಷ್ಠ ಸೆಟ್ಟಿಂಗ್‌ನಲ್ಲಿ 95 ಆಕ್ಟೇನ್ ಹಾಕಿ ಓಡಿಸುವವರಿಗೆ ದೊಡ್ಡ ಅಪಾಯವಿಲ್ಲ. ಆದರೆ ಕಳಚಿಟ್ಟರೆ ವಾರಂಟಿ ಉಳಿಯುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅಸಹಜ ದೋಷಗಳನ್ನು, ನಾಕಿಂಗ್ ತಿದ್ದುಪಡಿಗಳನ್ನು ಇಸಿಯು ತನ್ನೊಳಗೆ ದಾಖಲಿಸಿಕೊಂಡಿರಬಹುದು.

ಉಳಿದದ್ದು ರೀಮ್ಯಾಪ್. ಇಲ್ಲಿ ಬೂಸ್ಟಿನ ಗುರಿ, ಪೆಟ್ರೋಲಿನ ಪ್ರಮಾಣ, ಸ್ಪಾರ್ಕಿನ ಕ್ಷಣ, ಟಾರ್ಕ್ ಮಿತಿ ಎಲ್ಲವನ್ನೂ ಇಸಿಯುಗೆ ತಿಳಿಸಿಯೇ ಒಟ್ಟಾಗಿ ಬದಲಿಸಲಾಗುತ್ತದೆ. ಇಸಿಯು ಒಟ್ಟು ಒತ್ತಡವನ್ನು ಅಳೆಯುವುದರಿಂದ ಘಾಟಿ ಹತ್ತಿದರೂ ಇಳಿದರೂ ಲೆಕ್ಕ ತಪ್ಪುವುದಿಲ್ಲ. ಗಾಳಿ ಕಾದರೆ ಅದು ತಾನೇ ಬೂಸ್ಟ್ ಇಳಿಸುತ್ತದೆ. ಮೂರನೆಯ ಅಳತೆಗೋಲಿನಲ್ಲಿ ಪೂರ್ತಿ ಅಂಕ ಪಡೆಯುವುದು ಇದೊಂದೇ. ಸ್ಟೇಜ್ 1, ಅಂದರೆ ದೊಡ್ಡ ಬಿಡಿಭಾಗ ಬದಲಿಸದೆ ಹಾಕುವ ಸಿದ್ಧ ಫೈಲಿಗೆ ಕಾರು ಮತ್ತು ಕಂಪನಿಯನ್ನು ಅವಲಂಬಿಸಿ ಸುಮಾರು 30,000ದಿಂದ 70,000 ರೂಪಾಯಿ ಬೀಳುತ್ತದೆ. ನಿಮ್ಮದೇ ಕಾರನ್ನು ಡೈನೊ ಎಂಬ ಶಕ್ತಿ ಅಳೆಯುವ ಯಂತ್ರದ ಮೇಲೆ ನಿಲ್ಲಿಸಿ, ಸೆನ್ಸರುಗಳ ದಾಖಲೆಯಾದ ಲಾಗ್ ನೋಡುತ್ತ ತಿದ್ದುವ ಕಸ್ಟಮ್ ಟ್ಯೂನಿಗೆ ಇನ್ನೂ ಹೆಚ್ಚು ಹಣ, ಹೆಚ್ಚು ಸಮಯ, ಮತ್ತು ನಿಜಕ್ಕೂ ಕೆಲಸ ಬಲ್ಲ ಟ್ಯೂನರ್ ಬೇಕು.

ಸಿದ್ಧ ಫೈಲ್ ಸಾಕೇ, ಕಸ್ಟಮ್ ಬೇಕೇ ಎಂಬುದು ಕಾರಿನ ಸ್ಥಿತಿಯ ಮೇಲೆ ನಿಂತಿದೆ. ಫಿಲ್ಟರ್ ಮತ್ತು ಹಿಂಭಾಗದ ಸೈಲೆನ್ಸರ್ ಮಾತ್ರ ಬದಲಾಗಿದ್ದರೆ, ಯುರೋಪಿನಲ್ಲಿ ಹಲವಾರು ಕಾರುಗಳ ಮೇಲೆ ಓಡಿರುವ ಹೆಸರಾಂತ ಕಂಪನಿಯ ಫೈಲ್ ಸಾಕು. ಆದರೆ ಅಲ್ಲಿನ ಫೈಲುಗಳು 95 ಮತ್ತು 98 ಆಕ್ಟೇನ್ ಎಂದು ಬೇರೆ ಬೇರೆ ಇರುತ್ತವೆ. 98ರ ಫೈಲನ್ನು ಇಲ್ಲಿ 95ರಲ್ಲಿ ಓಡಿಸಿದರೆ ಕಾಗದದ ಮೇಲಿನ ಅಶ್ವಶಕ್ತಿ ಸಿಗದೆ, ಇಸಿಯು ಸದಾ ಸ್ಪಾರ್ಕನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಡುವ ಮೊದಲ ಪೈಪ್), ದೊಡ್ಡ ಇನ್‌ಟೇಕ್, ಬೇರೆ ಇಂಟರ್‌ಕೂಲರ್ ಹಾಕಿದ್ದರೆ ಕಸ್ಟಮ್ ಟ್ಯೂನಿಗೇ ಹೋಗುವುದು ಒಳಿತು.

ಗೇರ್‌ಬಾಕ್ಸಿನ ಮಾತು ಇಲ್ಲಿ ನಿರ್ಣಾಯಕ. ಆಕ್ಟೇವಿಯಾ 1.8 ಟಿಎಸ್‌ಐ 180 ಪಿಎಸ್ (ಅಶ್ವಶಕ್ತಿ), 250 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಮತ್ತು ಅದರ ಏಳು ಗೇರಿನ ಒಣ ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ, ಅಂದರೆ ಡಿಕ್ಯೂ200, ವಿನ್ಯಾಸಗೊಂಡದ್ದೂ ಅಷ್ಟೇ 250ಕ್ಕೆ. ವರ್ಟಸ್ ಮತ್ತು ಸ್ಲಾವಿಯಾದ 1.5 ಟಿಎಸ್‌ಐ ಡಿಎಸ್‌ಜಿಗೂ ಇದೇ ಮಾತು. 2,000 ಆರ್‌ಪಿಎಂನಲ್ಲೇ 320 ನ್ಯೂಟನ್ ಮೀಟರ್ ಕೊಡುತ್ತೇವೆ ಎನ್ನುವ ಜಾಹೀರಾತನ್ನು ಇಂತಹ ಕಾರಿನವರು ನಂಬಿ ಹೋಗಬಾರದು. ಬದಲಿಗೆ ಟ್ಯೂನರನ್ನು ಹೀಗೆ ಕೇಳಿ: ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಏರಿಸಬೇಡಿ, ಇರುವ ಟಾರ್ಕನ್ನೇ ಮೇಲಿನವರೆಗೆ ಇಳಿಯದಂತೆ ಹಿಡಿಯಿರಿ. ಶಕ್ತಿ ಎಂದರೆ ಟಾರ್ಕ್ ಮತ್ತು ವೇಗದ ಗುಣಲಬ್ಧವಾದ್ದರಿಂದ, 250 ನ್ಯೂಟನ್ ಮೀಟರನ್ನು 6,000 ಆರ್‌ಪಿಎಂವರೆಗೆ ಉಳಿಸಿಕೊಂಡರೆ ಲೆಕ್ಕಕ್ಕೆ ಸುಮಾರು 213 ಪಿಎಸ್ ಆಗುತ್ತದೆ. ಚಿಕ್ಕ ಟರ್ಬೊದಿಂದ ಅಷ್ಟೂ ಸಿಗದಿದ್ದರೂ, ಕ್ಲಚ್ ಪ್ಲೇಟಿಗೆ ಹೊರೆಯಾಗದೆ ಸಿಗುವ ಲಾಭ ಇದು. ಆರು ಗೇರಿನ ತೇವ ಕ್ಲಚ್ಚಿನ ವಿಆರ್‌ಎಸ್ 230ರ ಸ್ಥಿತಿ ಬೇರೆ. ಮೂಲದಲ್ಲಿ 230 ಪಿಎಸ್, 350 ನ್ಯೂಟನ್ ಮೀಟರ್ ಇರುವ ಅದಕ್ಕೆ ಒಳ್ಳೆಯ ಪೆಟ್ರೋಲಿನಲ್ಲಿ ಸ್ಟೇಜ್ 1 ಸುಮಾರು 290 ಪಿಎಸ್, 400ಕ್ಕೂ ಹೆಚ್ಚು ನ್ಯೂಟನ್ ಮೀಟರ್ ಕೊಡುತ್ತದೆ. ಗೇರ್‌ಬಾಕ್ಸಿನ ತಂತ್ರಾಂಶವನ್ನೂ ಜೊತೆಗೇ ತಿದ್ದಿಸಿ, ಅದರ ಆಯಿಲನ್ನು 60,000 ಕಿಲೋಮೀಟರಿಗೆ ತಪ್ಪದೆ ಬದಲಿಸುವವರಿಗೆ ಅದು ಬಾಳುತ್ತದೆ.

ಹಾಗಾದರೆ ಯಾರಿಗೆ ಯಾವುದು? ಕಾರು ಇನ್ನೂ ವಾರಂಟಿಯಲ್ಲಿದ್ದರೆ ಏನೂ ಮಾಡಿಸಬೇಡಿ ಎಂದೇ ನಾನು ಹೇಳುವುದು. ಟರ್ಬೊ, ಡಿಎಸ್‌ಜಿ ಎರಡೂ ಲಕ್ಷಗಳ ಮಾತು. ವಾರಂಟಿ ಮುಗಿಯುವವರೆಗೆ ಆ ಹಣವನ್ನು ಟೈರು, ಬ್ರೇಕ್ ಪ್ಯಾಡುಗಳಿಗೆ ಹಾಕಿದರೆ ಕಾರು ನಿಜಕ್ಕೂ ವೇಗವಾಗುತ್ತದೆ. ವಾರಂಟಿ ಮುಗಿದ, ದಿನಾ ಆಫೀಸಿಗೆ ಓಡುವ, 50,000 ರೂಪಾಯಿ ಆಸುಪಾಸಿನ ಬಜೆಟ್ಟಿನ ಕಾರಿಗೆ 95 ಆಕ್ಟೇನಿನ ಸಂಯಮದ ಸ್ಟೇಜ್ 1 ಸೂಕ್ತ. ವರ್ಷಕ್ಕೆ 10,000 ಕಿಲೋಮೀಟರ್ ಓಡಿ, ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರಿಗೆ 1,000 ಲೀಟರ್ ಬೇಕು. ಎಕ್ಸ್‌ಪಿ95ರಂತಹ ಪ್ರೀಮಿಯಂ ಪೆಟ್ರೋಲಿಗೆ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚೆಂದರೆ ವರ್ಷಕ್ಕೆ ಏಳೆಂಟು ಸಾವಿರ; ಲೀಟರಿಗೆ 50 ರೂಪಾಯಿಗೂ ಹೆಚ್ಚು ವ್ಯತ್ಯಾಸವಿರುವ 100 ಆಕ್ಟೇನನ್ನೇ ಬೇಡುವ ಟ್ಯೂನ್ ಆರಿಸಿದರೆ ವರ್ಷಕ್ಕೆ 50,000ಕ್ಕೂ ಹೆಚ್ಚು. ಟ್ಯೂನಿನ ಬೆಲೆಯನ್ನು ಪ್ರತಿ ವರ್ಷ ಮತ್ತೆ ಕೊಟ್ಟಂತಾಗುವ ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ವರ್ಷಕ್ಕೆ ಮೂರು ನಾಲ್ಕು ಬಾರಿ ಹೋಗುವವರು, ಬೇರೆ ದಿನಗಳಿಗೆ ಒಂದು, ಟ್ರ್ಯಾಕಿಗೆ ಇನ್ನೊಂದು ಎಂದು ಎರಡು ಮ್ಯಾಪ್ ಮಾಡಿಸಿಕೊಂಡು, ಅದಕ್ಕಿಂತ ಮೊದಲು ದೊಡ್ಡ ಇಂಟರ್‌ಕೂಲರ್ ಹಾಕಿಸಲಿ. ಬಜೆಟ್ ಕಡಿಮೆಯೆಂದು ಬಾಕ್ಸಿಗೋ ಹಿತ್ತಾಳೆಯ ವಾಲ್ವಿಗೋ ಮನಸ್ಸು ಹೋದರೆ, ಇನ್ನು ಆರು ತಿಂಗಳು ಕಾದು ಹಣ ಕೂಡಿಸಿಕೊಳ್ಳಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಯಾವುದನ್ನೇ ಆರಿಸಿದರೂ ಮೊದಲು ಎಂಜಿನ್ ಆರೋಗ್ಯವಾಗಿರಬೇಕು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿಸಿ, ಬಿರುಕುಬಿಟ್ಟ ಬೂಸ್ಟ್ ಹೋಸುಗಳನ್ನು ಬದಲಿಸಿ, ಹೊಸ ಪ್ಲಗ್ ಹಾಕಿಸಿ ಅವುಗಳ ಅಂತರವನ್ನು 0.6ರಿಂದ 0.7 ಮಿಲಿಮೀಟರ್ ನಡುವೆ ಇಡಿಸಿ. ಬೂಸ್ಟ್ ಏರಿದಾಗ ಅಗಲ ಅಂತರದಲ್ಲಿ ಕಿಡಿ ಆರಿಹೋಗುತ್ತದೆ. ನೇರ ಇಂಜೆಕ್ಷನ್ ಎಂಜಿನ್ನಾದರೆ ಇನ್‌ಟೇಕ್ ವಾಲ್ವುಗಳ ಮೇಲೆ ಕಟ್ಟಿದ ಮಸಿಯನ್ನು ತೆಗೆಸಿ, ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಹಾಕಿಸಿ. ಕಡಿಮೆ ಆರ್‌ಪಿಎಂನಲ್ಲಿ ಭಾರ ಬಿದ್ದಾಗ ಕಿಡಿಗೆ ಮುಂಚೆಯೇ ಸಿಡಿಯುವ ತೊಂದರೆಯನ್ನು ತಗ್ಗಿಸಲು ಆ ದರ್ಜೆಯಲ್ಲಿ ಪ್ರತ್ಯೇಕ ಪರೀಕ್ಷೆಯೇ ಇದೆ. ಆರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಒತ್ತುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಟ್ಯೂನರ್ ಬಳಿ ಮೂರು ವಸ್ತುಗಳನ್ನು ಕೇಳಿ ಪಡೆಯಿರಿ: ನಿಮ್ಮ ಮೂಲ ಫೈಲಿನ ಪ್ರತಿ, ಯಾವ ಆಕ್ಟೇನಿಗೆ ಟ್ಯೂನ್ ಮಾಡಿದ್ದೆಂದು ಬಿಲ್ಲಿನಲ್ಲಿ ಬರೆದ ಸಾಲು, ಮತ್ತು ಟ್ಯೂನ್ ಆದ ಮೇಲಿನ ಲಾಗ್. ಲಾಗಿನಲ್ಲಿ ಕೇಳಿದ ಬೂಸ್ಟ್ ಮತ್ತು ಬಂದ ಬೂಸ್ಟ್ ಒಂದನ್ನೊಂದು ಅನುಸರಿಸುತ್ತಿರಬೇಕು. ಯಾವುದಾದರೂ ಒಂದು ಸಿಲಿಂಡರಿನಲ್ಲಿ ಆಗೊಮ್ಮೆ ಈಗೊಮ್ಮೆ 2–3 ಡಿಗ್ರಿ ಸ್ಪಾರ್ಕ್ ಹಿಂದೆ ಸರಿದರೆ ಚಿಂತೆಯಿಲ್ಲ. ನಾಲ್ಕರಲ್ಲೂ ಒಟ್ಟಿಗೆ ಸರಿದರೆ, ಅಥವಾ ಒಂದರಲ್ಲೇ ಪ್ರತಿಬಾರಿ 4–5 ಡಿಗ್ರಿ ದಾಟಿದರೆ, ಬೂಸ್ಟ್ ಇಳಿಸಲು ಹೇಳಿ. ಈ ಲಾಗನ್ನು ಡೈನೊ ಮೇಲೋ ಟ್ರ್ಯಾಕಿನಲ್ಲೋ ತೆಗೆಯಬೇಕು, ನೈಸ್ ರಸ್ತೆಯಲ್ಲಿ ಅಲ್ಲ. ಮೊದಲ 500 ಕಿಲೋಮೀಟರ್ ಓಡಿದ ಮೇಲೆ ಒಂದು ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು, ಪಿಂಗಾಣಿಯ ಮೇಲೆ ಚುಕ್ಕಿಗಳಿವೆಯೇ ಎಂದು ನೀವೇ ನೋಡಿ.